ಅವರಿಗೆ ಜಪಾನ್, ನಮಗೆ ಜಪ: ಮೂಡಿಗೆರೆ ಕಡೆಯ ಒಂದು ಫೈಬರ್ ಪ್ರಕರಣ

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಡೆ ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವವನು. ಇದು ನನ್ನದೇ ಕೆಲಸದ ಕಥೆ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗಬಾರದೆಂದು ಒಂದಿಷ್ಟು ವಿವರಗಳನ್ನು ಆಚೀಚೆ ಮಾಡಿದ್ದೇನೆ. ನನಗೆ ಮೇಲಿನಿಂದ ಲೈನ್ ಕೊಡುವ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ. ಅವರನ್ನು ಬಯ್ಯಲು ಬೇಕಾದಷ್ಟಿದೆ, ಆದರೆ ಈ ಸಲ ಜಾಸ್ತಿ ತಪ್ಪು ನನ್ನದೇ. ಇದೇ ಕೆಲಸ ಮಾಡುವ ಬೇರೆ ಊರಿನವರು ಓದಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕಡೆ ಊರು ಅಂದರೆ ಒಂದೇ ಕಡೆ ಗುಂಪಾಗಿರುವ ಮನೆಗಳಲ್ಲ. ತೋಟದ ಮಧ್ಯೆ ಇಲ್ಲೊಂದು, ಅಲ್ಲೊಂದು. ನನ್ನ ಲೆಕ್ಕದಲ್ಲಿ ಊರನ್ನು ಮೂರು ಭಾಗ ಮಾಡಿಕೊಂಡಿದ್ದೇನೆ: ರಸ್ತೆ ಸಾಲು, ಗುಡ್ಡದ ಸಾಲು, ಹೊಳೆ ಸಾಲು. ಒಟ್ಟು ತೊಂಬತ್ತರ ಆಸುಪಾಸು ಕನೆಕ್ಷನ್. ಕಂಬ ಇರುವುದು ರಸ್ತೆ ಪಕ್ಕ ಮಾತ್ರ. ಅಲ್ಲಿಂದ ಒಳಗೆ ಕೇಬಲ್ ಹೋಗುವುದು ತೋಟದ ಸಿಲ್ವರ್ ಓಕ್ ಮರಗಳ ಮೇಲೆ, ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ. ಆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಗೆ ಮರ ಯಾವುದು, ನನ್ನ ಕೇಬಲ್ ಯಾವುದು ಅಂತ ಭೇದ ಇಲ್ಲ. ಮೆಣಸು ಕೊಯ್ಯುವವರು ಏಣಿ ಒರಗಿಸುವಾಗ ಒಂದೊಂದು ಸಲ ಏಣಿಯ ತಲೆ ನನ್ನ ಕೇಬಲ್ ಮೇಲೇ ಕೂರುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಮಕ್ಕಳಿಗೆ ಆನ್‌ಲೈನ್ ಕ್ಲಾಸು, ಬೆಂಗಳೂರಿನಿಂದ ಊರಿಗೆ ಬಂದವರಿಗೆ ಮನೆಯಿಂದಲೇ ಆಫೀಸು. ಆಗ ಕನೆಕ್ಷನ್ ಜಾಸ್ತಿಯಾದವು. ದೂರು ತಗೊಳ್ಳೋಕೆ ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಐದು ವರ್ಷದಲ್ಲಿ ಆ ಗ್ರೂಪಿನಲ್ಲಿ ನನಗೆ ಬಂದ ದೂರುಗಳಲ್ಲಿ ಹೆಚ್ಚಿನವು ಎರಡೇ ಪದದವು: 'ನೆಟ್ ಇಲ್ಲ.' ಎಲ್ಲಿ, ಯಾವಾಗಿಂದ, ಮನೆಯ ಮೋಡೆಮ್ ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಹತ್ತಿದೆಯಾ ಅಂತ ಕೇಳಿದರೆ ಉತ್ತರ ಇಲ್ಲ. ಅರ್ಧ ಗಂಟೆ ಬಿಟ್ಟು ಅವರೇ 'ಬಂತು' ಅಂತ ಹಾಕುತ್ತಿದ್ದರು. ಬಂದಿದ್ದು ನೆಟ್ಟೋ ಕರೆಂಟೋ ನನಗೆ ಗೊತ್ತಾಗುತ್ತಿರಲಿಲ್ಲ.

ಸುದ್ದಿ ಬಂದ ದಿನ

2025ರ ಜುಲೈ. ಮಳೆ ಹಿಡಿದುಕೊಂಡು ಸುರಿಯುತ್ತಿತ್ತು. ಒಂದು ಬೆಳಿಗ್ಗೆ ರಸ್ತೆ ಸಾಲಿನ ಒಬ್ಬ ಮೇಷ್ಟ್ರು ಗ್ರೂಪಿಗೆ ಒಂದು ಸುದ್ದಿ ಹಾಕಿದರು. ಜಪಾನಿನವರು ಇಂಟರ್ನೆಟ್ ವೇಗದಲ್ಲಿ ವಿಶ್ವದಾಖಲೆ ಮಾಡಿದ್ದಾರೆ, ಸೆಕೆಂಡಿಗೆ 1.02 ಪೆಟಾಬಿಟ್, ನೆಟ್‌ಫ್ಲಿಕ್ಸಿನಲ್ಲಿರುವ ಅಷ್ಟೂ ಸರಕು ಒಂದು ಸೆಕೆಂಡಿನಲ್ಲಿ ಇಳಿಯುತ್ತದೆ ಅಂತ. ಕೆಳಗೆ ಅವರದೇ ಒಂದು ಸಾಲು:

'ಅವರಿಗೆ ಜಪಾನ್, ನಮಗೆ ಜಪ.'

ಅಷ್ಟೇ. ಮಳೆಗೆ ಮನೆಯೊಳಗೆ ಕೂತಿದ್ದ ಇಡೀ ಊರಿಗೆ ಕೆಲಸ ಸಿಕ್ಕಿತು. ಮಧ್ಯಾಹ್ನದೊಳಗೆ ನೂರಾರು ಮೆಸೇಜು. ಕೆಲವನ್ನು ಇಲ್ಲಿ ಹಾಗೇ ಕೊಡುತ್ತೇನೆ, ಮುಂದೆ ಕೆಲಸಕ್ಕೆ ಬರುತ್ತವೆ.

'ಅಷ್ಟು ಸ್ಪೀಡಲ್ಲಿ ಬಂದ್ರೆ ಚಾರ್ಮಾಡಿ ತಿರುವಲ್ಲಿ ಪಲ್ಟಿ ಆಗಲ್ವಾ ಮಾರಾಯ್ರೆ?'

'ಸೆಕೆಂಡಿಗೆ ಇಪ್ಪತ್ತೈದು ಸಾವಿರ ಸಿನಿಮಾ ಅಂತೆ. ಎಲ್ಲ ನೋಡ್ತಾ ಕೂತ್ರೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋರು ಯಾರು?'

'ಜಪಾನಲ್ಲಿ ಗುಡ್ ಮಾರ್ನಿಂಗ್ ಮೆಸೇಜ್ ಹಿಂದಿನ ರಾತ್ರೀನೇ ಬಂದ್ಬಿಡುತ್ತಂತೆ.'

'ನಮ್ಮ ನೆಟ್ಟು ಎಂಟು ಗಂಟೆ ಮೇಲೆ ಧಾರಾವಾಹಿ ನೋಡೋಕೆ ಹೋಗುತ್ತೆ. ಹತ್ತೂವರೆಗೆ ವಾಪಸ್ ಬರುತ್ತೆ.'

'ನಮ್ಮ ಫೈಬರ್‌ಗೆ ಮಳೆ ಬಂದ್ರೆ ನೆಗಡಿ. ಒಂದಿನ ಬಿಸಿಲು ಕಂಡ್ರೆ ವಾಸಿ.' ಇದು ಹೊಳೆ ಸಾಲಿನ ಒಬ್ಬ ಎಸ್ಟೇಟ್ ರೈಟರದ್ದು, ಅಂದರೆ ತೋಟದ ಲೆಕ್ಕಪತ್ರ ಬರೆಯುವವರದ್ದು.

'ನಮ್ಮನೆ ವೈಫೈಗೆ ಮಡಿ ಜಾಸ್ತಿ. ದೇವರ ಕೋಣೆ ದಾಟಿ ಈಚೆ ಬರಲ್ಲ.'

'ಚಕ್ರ ಸುತ್ತೋದು ನೋಡಿ ನೋಡಿ ನಮ್ಮಜ್ಜಿ ಸುದರ್ಶನ ಚಕ್ರ ಅಂತ ಕೈ ಮುಗೀತಿದ್ದಾರೆ.'

ಗುಡ್ಡದ ಸಾಲಿನ ಒಬ್ಬ ತಾಯಿ, ಗ್ರೂಪಿನಲ್ಲಿ ಯಾವತ್ತೂ ಮಾತಾಡದವರು, ಒಂದು ಸ್ಕ್ರೀನ್‌ಶಾಟ್ ಹಾಕಿದರು. ವಿಡಿಯೋ ಕಾಲ್‌ನಲ್ಲಿ ಮಗ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದಾನೆ. 'ಒಂಬತ್ತೂವರೆಗೆ ಫೋನ್ ಮಾಡ್ತಾನೆ. ದಿನಾ ಹೀಗೇ. ಊಟ ಮಾಡ್ತಿದ್ದಾನೋ, ಬೈತಿದ್ದಾನೋ ಗೊತ್ತಾಗಲ್ಲ. ಜಪಾನಿನವರಿಗೆ ಹೇಳಿ, ಬಾಯಿ ಮುಚ್ಚಿಸಿಕೊಡಲಿ.'

ಜನ ನಗುತ್ತಿದ್ದರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಮಳೆಯಲ್ಲಿ ಮರ ಹತ್ತಿ ಇಳಿದವನು ನಾನು. ಇವರು ಬೆಚ್ಚಗೆ ಕೂತು, ನನ್ನದೇ ನೆಟ್‌ನಲ್ಲಿ, ನನ್ನ ಮೇಲೇ ಜೋಕು ಹೊಡೆಯುತ್ತಿದ್ದಾರೆ ಅನ್ನಿಸಿತು.

ಮೊದಲ ತಪ್ಪು: ಪಾಠ ಮಾಡಿದ್ದು

ಅವತ್ತು ರಾತ್ರಿ ಕೂತು ಒಂದು ಉದ್ದನೆಯ ಮೆಸೇಜ್ ಬರೆದೆ. ಅದರಲ್ಲಿದ್ದ ವಿಷಯ ಸರಿಯಾಗಿಯೇ ಇತ್ತು, ಈಗಲೂ ಅದನ್ನೇ ಹೇಳುತ್ತೇನೆ.

ಜಪಾನಿನ ಎನ್‌ಐಸಿಟಿ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆ, ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿಯ ಜೊತೆ ಸೇರಿ ಮಾಡಿದ ಪ್ರಯೋಗ ಅದು. 2025ರ ಏಪ್ರಿಲ್‌ನಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಅದನ್ನು ಮಂಡಿಸಿದ್ದರು. (ಅಷ್ಟು ವೇಗದ ಸುದ್ದಿ ನಮ್ಮ ಗ್ರೂಪಿಗೆ ಬರಲು ಮೂರು ತಿಂಗಳು ಹಿಡಿಯಿತು, ನೋಡಿ.) ಅದು ಯಾರ ಮನೆಯ ನೆಟ್ಟೂ ಅಲ್ಲ. ಲ್ಯಾಬಿನೊಳಗೆ 86.1 ಕಿಲೋಮೀಟರಿನ ಸುರುಳಿ ಇಟ್ಟುಕೊಂಡು, ಬೆಳಕನ್ನು ಅದರಲ್ಲಿ 21 ಸಲ ಸುತ್ತಿಸಿ, 1,808 ಕಿಲೋಮೀಟರ್ ದೂರ ಓಡಿಸಿದರು. ಬೆಂಗಳೂರಿನಿಂದ ದೆಹಲಿಗೆ ಹಕ್ಕಿ ಹಾರುವ ದಾರಿಗಿಂತ ಸ್ವಲ್ಪ ಜಾಸ್ತಿ. ಅವರ ಸಾಧನೆಯಲ್ಲಿ ವೇಗ ಒಂದು ಭಾಗವಾದರೆ, ಅಷ್ಟು ದೂರ ಆ ವೇಗವನ್ನು ಉಳಿಸಿಕೊಂಡದ್ದು ಇನ್ನೊಂದು ಭಾಗ. ಇದೇ ಸಂಸ್ಥೆ 2021ರಲ್ಲಿ 3,001 ಕಿಲೋಮೀಟರ್ ದೂರಕ್ಕೆ 319 ಟೆರಾಬಿಟ್ ಕಳಿಸಿತ್ತು. ಸಾವಿರ ಟೆರಾಬಿಟ್ ಸೇರಿದರೆ ಒಂದು ಪೆಟಾಬಿಟ್, ಹಾಗಾಗಿ ಈಗಿನ ವೇಗ ಅದರ ಮೂರು ಪಟ್ಟಿಗಿಂತ ಜಾಸ್ತಿ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಬೇರೆ. ಅವರ ಫೈಬರಿನ ದಪ್ಪ 0.125 ಮಿಲಿಮೀಟರ್. ನಮ್ಮೂರಿನ ಸಿಲ್ವರ್ ಮರಕ್ಕೆ ನಾನು ಕಟ್ಟಿರುವ ಗಾಜಿನ ಎಳೆಯ ದಪ್ಪವೂ ಅಷ್ಟೇ. ತಲೆಕೂದಲಿಗಿಂತ ಒಂಚೂರು ದಪ್ಪ. ನಮ್ಮ ಎಳೆಯ ನಡುವೆ ಬೆಳಕು ಹೋಗಲು ಒಂದೇ ದಾರಿ. ಅವರು ಅದೇ ದಪ್ಪದೊಳಗೆ 19 ದಾರಿ ಮಾಡಿದ್ದಾರೆ. ಅಷ್ಟು ಒತ್ತಾಗಿದ್ದರೆ ಒಂದು ದಾರಿಯ ಬೆಳಕು ಪಕ್ಕದ ದಾರಿಗೆ ನುಗ್ಗಿ ಎಲ್ಲ ಕಲಸಿಹೋಗುತ್ತದೆ. ಆ ಕಲಸುಮೇಲೋಗರವನ್ನು ಕೊನೆಯಲ್ಲಿ ಲೆಕ್ಕ ಹಾಕಿ ಬಿಡಿಸುತ್ತಾರೆ. ದಪ್ಪ ಬದಲಾಗದೇ ಇದ್ದರೆ ಈಗಿರುವ ಕೇಬಲ್ ಮಾಡುವ ವಿಧಾನದಲ್ಲೇ ಮುಂದುವರಿಯಬಹುದು, ಅದೇ ದೊಡ್ಡ ಲಾಭ.

ಇದನ್ನೆಲ್ಲ ಬರೆದು, ಕೊನೆಗೆ ಲೆಕ್ಕವನ್ನೂ ಹಾಕಿದೆ. ಬಿಟ್ಟು ಬೇರೆ, ಬೈಟು ಬೇರೆ. ಎಂಟು ಬಿಟ್ಟಿಗೆ ಒಂದು ಬೈಟು. 1.02 ಪೆಟಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 127 ಟೆರಾಬೈಟ್. 128 ಜಿಬಿಯ ಫೋನುಗಳನ್ನು ಸೆಕೆಂಡಿಗೆ ಹತ್ತಿರಹತ್ತಿರ ಸಾವಿರ ತುಂಬಿಸಬಹುದು. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನ ಕನೆಕ್ಷನ್ನಿಗೆ ಹೋಲಿಸಿದರೆ ಕೋಟಿ ಪಟ್ಟು.

ಮೊದಲ ಉತ್ತರ ಎಸ್ಟೇಟ್ ರೈಟರಿಂದ ಬಂತು: 'ಸಾರ್, ನಿಮ್ಮ ಮೆಸೇಜ್ ಪೂರ್ತಿ ಬರೋಕೇ ಹತ್ತು ನಿಮಿಷ ಆಯ್ತು.' ಅದಕ್ಕೆ ನಲವತ್ತು ನಗುವ ಮುಖ. ಎರಡನೆಯದು ಪಿಯುಸಿ ಹುಡುಗನದು: 'ಕೋಟಿ ಪಟ್ಟು ಅಂದ್ರಲ್ಲ, ಅಂಕಲ್. ನಮ್ಮದು 100 ಅಲ್ಲ, 50. ಎರಡು ಕೋಟಿ ಪಟ್ಟು.'

ಲೆಕ್ಕ ಸರಿ ಇತ್ತು. ಅದಕ್ಕೇ ಇನ್ನೂ ಜಾಸ್ತಿ ಉರಿಯಿತು.

ಎರಡನೆಯದು: ಪುಕ್ಕಟೆ ಕೊಟ್ಟದ್ದು

ಆ ಹುಡುಗನ ಮಾತಿನ ಮೇಲೆ ಹಟ ಹಿಡಿದು ಮರುದಿನ ಎಲ್ಲರ 50ರ ಪ್ಲಾನನ್ನು ದುಡ್ಡಿಲ್ಲದೆ 100 ಮಾಡಿದೆ. ನಮ್ಮ ಕಡೆಯಿಂದ ಅದು ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸುವ ಕೆಲಸ. ಮಧ್ಯಾಹ್ನ ಅಳೆದು ನೋಡಿದೆ, 96 ಬಂತು. ಗ್ರೂಪಿಗೆ ಚಿತ್ರ ಹಾಕಿದೆ. ಗೆದ್ದೆ ಅಂದುಕೊಂಡೆ.

ಅವತ್ತು ರಾತ್ರಿ ಎಂಟೂವರೆಗೆ ಇಡೀ ಊರು ನಿಂತುಹೋಯಿತು.

ಈ ತಪ್ಪಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಈ ಕೆಲಸದಲ್ಲಿರುವ ಬಹಳ ಜನ ಇದನ್ನೇ ಮಾಡುತ್ತಾರೆ. ನಾನು ಮೇಲಿನ ಕಂಪನಿಯಿಂದ ಇಡೀ ಊರಿಗೆ ಸೇರಿಸಿ ಕೊಳ್ಳುತ್ತಿದ್ದದ್ದು 300 ಎಂಬಿಪಿಎಸ್. ತೊಂಬತ್ತು ಮನೆ ಅದನ್ನೇ ಹಂಚಿಕೊಳ್ಳಬೇಕು. ಎಲ್ಲರೂ ಒಟ್ಟಿಗೆ ಪೂರ್ತಿ ಬಳಸುವುದಿಲ್ಲ ಅನ್ನುವ ಧೈರ್ಯದ ಮೇಲೆ ಈ ವ್ಯಾಪಾರ ನಡೆಯುವುದು. 50 ಇದ್ದಾಗ ಆರು ಮನೆಯವರು ಒಟ್ಟಿಗೆ ದೊಡ್ಡದೇನಾದರೂ ಇಳಿಸಿದರೆ ಲೈನ್ ತುಂಬುತ್ತಿತ್ತು. ನಾನು 100 ಮಾಡಿದ ಮೇಲೆ ಮೂರೇ ಮನೆ ಸಾಕಾಯಿತು. ಕೊಡದ ಒಳಗೆ ನೀರು ಅಷ್ಟೇ ಇದೆ, ನಾನು ಲೋಟದ ಸೈಜು ದೊಡ್ಡದು ಮಾಡಿದ್ದೆ. ಹನ್ನೆರಡು ವರ್ಷ ಕೇಬಲ್ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೋಪದಲ್ಲಿ ಮರೆತಿದ್ದೆ.

ಗ್ರೂಪಿನಲ್ಲಿ ಆವತ್ತಿನ ಜೋಕು: 'ಡಬಲ್ ಮಾಡಿದ್ದು ಸ್ಪೀಡಲ್ಲ, ಚಕ್ರ. ನಮ್ಮನೇಲಿ ಈಗ ಎರಡು ಸುತ್ತುತ್ತಿವೆ.'

ಮೂರನೆಯದು: ಬಾಯಿ ಮುಚ್ಚಿಸಿದ್ದು

ಇನ್ನು ತಡೆಯಲಾಗಲಿಲ್ಲ. ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿಬಿಟ್ಟೆ. ಅಡ್ಮಿನ್ ಅಂದರೆ ನಾನೊಬ್ಬನೇ.

ಎರಡು ದಿನ ಫೋನು ಸದ್ದಿಲ್ಲದೆ ಇತ್ತು. ಮಳೆ ಜೋರಾಗಿತ್ತು. ಕಷಾಯ ಕುಡಿದು ಮಲಗಿದೆ. ದೂರು ಇಲ್ಲ ಅಂದರೆ ಎಲ್ಲ ಸರಿಯಿದೆ ಅಂತ ನನ್ನ ಲೆಕ್ಕ. ಮೂರನೇ ದಿನ ಅಂಗಡಿಗೆ ಹೋದಾಗ ಗೊತ್ತಾಯಿತು: ಹೊಳೆ ಸಾಲಿನ ಹದಿಮೂರು ಮನೆಗೆ ಮೂವತ್ತು ಗಂಟೆಯಿಂದ ನೆಟ್ ಇರಲಿಲ್ಲ. ಅಲ್ಲೊಬ್ಬಳು ಹುಡುಗಿ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅವಳು ಮಳೆಯಲ್ಲಿ ಸ್ಕೂಟಿ ತಗೊಂಡು, ಫೋನ್ ಸಿಗ್ನಲ್ ಸಿಗುವ ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಮೀಟಿಂಗ್ ಮುಗಿಸಿದ್ದಳಂತೆ. 'ನನಗೆ ಫೋನ್ ಮಾಡಬಹುದಿತ್ತಲ್ಲಮ್ಮಾ' ಅಂದೆ. 'ಗ್ರೂಪ್ ಮುಚ್ಚಿದ್ರಲ್ಲ, ಕೋಪ ಮಾಡ್ಕೊಂಡಿದ್ದೀರಿ ಅಂತ ಸುಮ್ನೆ ಇದ್ವಿ' ಅಂದಳು.

ಅದೇ ವಾರ ಇನ್ನೊಂದು ಪೆಟ್ಟು ಬಿತ್ತು. ತಿಂಗಳ ದುಡ್ಡು ಕೇಳಲು ಹೋದರೆ ಏಳು ಮನೆಯವರು ಈಗ ಬೇಡ ಅಂದರು. 'ಎರಡು ತಿಂಗಳು ತಡೀರಿ, ಜಪಾನಿಂದು ಬರುತ್ತಂತೆ. ಆಮೇಲೆ ನೋಡೋಣ.' ಅವರು ತಮಾಷೆ ಮಾಡುತ್ತಿರಲಿಲ್ಲ. ಜೋಕು ಹರಿದಾಡಿ ಹರಿದಾಡಿ ಯಾವುದೋ ಒಂದು ತಿರುವಿನಲ್ಲಿ ಸುದ್ದಿಯಾಗಿಬಿಟ್ಟಿತ್ತು. ತೊಂಬತ್ತರಲ್ಲಿ ಏಳು ಅಂದರೆ ನನ್ನಂಥವನಿಗೆ ಸಣ್ಣದಲ್ಲ. ನನ್ನ ಕೆಲಸದ ಹುಡುಗನ ಸಂಬಳ ಅದರಲ್ಲೇ ಬರಬೇಕು.

ಕೊಟ್ಟಿಗೆಹಾರದಲ್ಲಿ

ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಇಪ್ಪತ್ತೆರಡು ವಯಸ್ಸು. ಮಾತು ಕಡಿಮೆ. ಸಾಮಾನು ತರಲು ಹೋಗಿ ಬರುವಾಗ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನುತ್ತಿದ್ದೆವು. ಹೊರಗೆ ಮಂಜು, ಆಚೆ ಬದಿಯ ಬಸ್ಸೂ ಕಾಣುತ್ತಿರಲಿಲ್ಲ. ಹುಡುಗ ಫೋನ್ ನೋಡಿಕೊಂಡು ಒಬ್ಬನೇ ನಗುತ್ತಿದ್ದ. ಹಳೇ ಜೋಕುಗಳನ್ನೇ ಓದುತ್ತಿದ್ದ. ನಾನು ಮುಖ ಗಂಟು ಹಾಕಿಕೊಂಡೆ.

ಅವನು ತಲೆ ಎತ್ತದೇ ಹೇಳಿದ: 'ಅಣ್ಣಾ, ಧಾರಾವಾಹಿ ಜೋಕು ಮಾಡಿದವರೆಲ್ಲ ಎಂಟರಿಂದ ಹತ್ತೂವರೆ ಅಂತಾನೇ ಹೇಳಿದ್ದಾರೆ. ನೆಗಡಿ ಜೋಕಿಗೆ ಹೌದು ಹೌದು ಅಂದವರೆಲ್ಲ ಹೊಳೆ ಸಾಲಿನವರು. ರಸ್ತೆ ಸಾಲಿನವರು ಒಬ್ಬರೂ ಇಲ್ಲ.'

ನಾನು ದೋಸೆ ತಟ್ಟೆ ಪಕ್ಕಕ್ಕೆ ಸರಿಸಿದೆ.

ಐದು ವರ್ಷ ನಾನು ಬಾಯಿ ಬಿಟ್ಟು ಕೇಳಿದ ವಿವರ ಎಲ್ಲ ಅಲ್ಲೇ ಇತ್ತು. ಯಾವಾಗ, ಎಲ್ಲಿ, ಎಷ್ಟು ಹೊತ್ತು. ದೂರು ಕೊಡುವಾಗ ಎರಡು ಪದ ಬರೆಯುವ ಮನುಷ್ಯ, ನಗಿಸಬೇಕು ಅಂದಾಗ ಪೂರ್ತಿ ಗಮನ ಕೊಟ್ಟು ಬರೆಯುತ್ತಾನೆ. ಜೋಕು ಚೆನ್ನಾಗಿರಬೇಕಾದರೆ ವಿವರ ಸರಿ ಇರಬೇಕಲ್ವಾ? 'ಒಂದಿನ ಬಿಸಿಲು ಕಂಡ್ರೆ ವಾಸಿ' ಅನ್ನುವುದನ್ನು ಸುಮ್ನೆ ಹೊಳೆಸಿಕೊಂಡು ಬರೆಯಲು ಬರುವುದಿಲ್ಲ. ಆ ರೈಟರು ಎಷ್ಟೋ ಸಲ ಬಿಸಿಲನ್ನೂ ನೆಟ್ಟನ್ನೂ ಒಟ್ಟಿಗೆ ನೋಡಿ ತಾಳೆ ಹಾಕಿದ್ದಾರೆ.

ಅಲ್ಲೇ ಟೇಬಲ್ ಮೇಲೆ ಬಿಲ್ ಬುಕ್ಕಿನ ಹಿಂದೆ ಮೂರು ಗೆರೆ ಎಳೆದೆವು. ಹುಡುಗ ಜೋಕು ಓದುವುದು, ನಾನು ಯಾವ ಸಾಲು, ಯಾವ ಹೊತ್ತು ಅಂತ ಬರೆಯುವುದು. ಹೋಟೆಲಿನವರು ಎರಡನೇ ಸಲ ಕಾಫಿ ಬೇಕಾ ಅಂತ ಕೇಳಿದರು. ಬೇಕು ಅಂದೆವು. ಮನೆಗೆ ಹೊರಡುವ ಮೊದಲು ಗ್ರೂಪಿನ ಬೀಗ ತೆಗೆದೆ. ಏನೂ ಬರೆಯಲಿಲ್ಲ. ಬರೆದಿದ್ದರೆ ಅದೂ ಒಂದು ಪಾಠ ಆಗುತ್ತಿತ್ತು.

ನೆಗಡಿ

ಮರುದಿನ ಮಳೆ ಒಂದು ಗಂಟೆ ಬಿಡುವು ಕೊಟ್ಟಾಗ ಹೊಳೆ ಸಾಲಿಗೆ ಹೋದೆವು. ರೈಟರ ಮನೆಯ ಪೆಟ್ಟಿಗೆಯಲ್ಲಿ ಬೆಳಕು ಅಳೆದರೆ ಮೈನಸ್ 28 ಡಿಬಿಎಂ. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ನಮ್ಮ ಕೆಲಸದಲ್ಲಿ ಮೈನಸ್ 27 ದಾಟಿದರೆ ಪೆಟ್ಟಿಗೆ ತಡವರಿಸುತ್ತದೆ. ಪಕ್ಕದ ಮನೆ, ಆಚೆ ಮನೆ, ಎಲ್ಲ ಕಡೆ ಅದೇ ಆಸುಪಾಸು. ಅಂದರೆ ರೋಗ ಯಾರ ಮನೆಯಲ್ಲೂ ಇಲ್ಲ, ದಾರಿಯಲ್ಲಿದೆ.

ದಾರಿಯಲ್ಲಿ, ಹೊಳೆ ದಾಟುವ ಮೊದಲು, ಒಂದು ಸಿಲ್ವರ್ ಮರಕ್ಕೆ ನಮ್ಮ ಜಾಯಿಂಟ್ ಡಬ್ಬ ಕಟ್ಟಿದೆ. ಎರಡು ವರ್ಷದ ಹಿಂದೆ ನಾನೇ ಕಟ್ಟಿದ್ದು. ಮೆಣಸಿನ ಬಳ್ಳಿ ಅದನ್ನು ಪೂರ್ತಿ ನುಂಗಿತ್ತು. ಬಳ್ಳಿ ಸರಿಸಿ ಮುಚ್ಚಳ ತೆಗೆದ ಕೂಡಲೇ ಒಂದು ಲೋಟದಷ್ಟು ಕಂದು ನೀರು ಹುಡುಗನ ಮೊಣಕೈ ಮೇಲೆ ಸುರಿಯಿತು. ಆಮೇಲೆ ಇರುವೆ. ಕೆಂಪಿರುವೆ, ಬಿಳಿ ಮೊಟ್ಟೆ ಕಚ್ಚಿಕೊಂಡು ಓಡುವವು. ಫೈಬರ್ ಎಳೆಗಳನ್ನು ಸುರುಳಿ ಸುತ್ತಿ ಇಡುವ ತಟ್ಟೆಯೇ ಅವುಗಳ ಬಾಣಂತಿ ಕೋಣೆ ಆಗಿತ್ತು. ಅವು ತುಂಬಿದ ಮಣ್ಣಿಗೆ ತಟ್ಟೆ ಓರೆಯಾಗಿ ಎರಡು ಎಳೆ ಮುರಿಯುವಷ್ಟು ಬಾಗಿದ್ದವು. ಗಾಜಿನ ಎಳೆ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಅದರ ಜೊತೆ ನಾನು ಅವಸರಕ್ಕೆ ಹಾಕಿದ್ದ ಒತ್ತಿ ಕೂರಿಸುವ ಜಾಯಿಂಟು. ಅದರೊಳಗೆ ನೀರು, ಕೆಸರು. ಬಿಸಿಲು ಬಂದಾಗ ಒಣಗಿ ಹೇಗೋ ನಡೆಯುತ್ತಿತ್ತು. ಮಳೆಗೆ ಮತ್ತೆ ನೆಗಡಿ.

ಅವಸರದ ಜಾಯಿಂಟನ್ನು ಕಿತ್ತು ಕರಗಿಸಿ ಬೆಸೆದೆವು. ಹುಡುಗ ಕೊಡೆ ಹಿಡಿದ, ನಾನು ಎಳೆ ಕತ್ತರಿಸಿದೆ. ಯಂತ್ರದ ಪುಟ್ಟ ಪರದೆಯಲ್ಲಿ ಎರಡು ತುದಿ ಎದುರುಬದುರು ನಿಂತು, ಒಂದು ಕಿಡಿ ಹೊಡೆದು ಒಂದಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೇಜಾರಿಲ್ಲ. ಡಬ್ಬವನ್ನು ಬಾಯಿ ಕೆಳಗೆ ಬರುವ ಹಾಗೆ ಕಟ್ಟಿದೆವು. ಕೇಬಲ್ ಒಳಗೆ ಹೋಗುವ ಮೊದಲು ಒಂದು ಜೋಲು ಬಿಟ್ಟೆವು, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಬೆಳಕು ಮೈನಸ್ 21ಕ್ಕೆ ಬಂತು. ಬರೀ ಏಳು ಅಂಕಿ ಅನ್ನಿಸಬಹುದು. ಆದರೆ ಈ ಲೆಕ್ಕ ಬೇರೆ ಥರ: ಮೊದಲಿಗಿಂತ ಐದು ಪಟ್ಟು ಬೆಳಕು.

ಧಾರಾವಾಹಿ, ಮಡಿ, ಮಂಗ

ಸಂಜೆಯ ಸಮಸ್ಯೆಗೆ ದುಡ್ಡೇ ಮದ್ದು. 300ನ್ನು 500 ಮಾಡಿ ಅಂತ ಮೇಲಿನ ಕಂಪನಿಗೆ ಬರೆದೆ. ಅವರು ಮೂರು ವಾರ ತಗೊಂಡರು. ಅಷ್ಟರವರೆಗೆ 100ರ ಪ್ಲಾನನ್ನು ವಾಪಸ್ 50 ಮಾಡಬೇಕಿತ್ತು. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಕಷ್ಟ. ಗ್ರೂಪಿಗೆ ಎರಡೇ ಸಾಲು ಬರೆದೆ: 'ಡಬಲ್ ಮಾಡಿದ್ದು ನನ್ನ ತಪ್ಪು. ಸಂಜೆ ಎಲ್ಲರಿಗೂ ಸಿಗಲಿ ಅಂತ ವಾಪಸ್ ಇಳಿಸ್ತಿದ್ದೇನೆ.' ಯಾರೂ ಬೈಯಲಿಲ್ಲ. ಮೇಷ್ಟ್ರು ಮಾತ್ರ 'ಜಪಾನ್ ಕೈ ಬಿಟ್ಟಿತು' ಅಂತ ಹಾಕಿದರು.

ಜಪಾನಿನ ಲೈನಿಗೆ ಕಾಯುತ್ತಿದ್ದ ಏಳು ಮನೆಯವರಿಗೆ ನಾನು ಹೇಳಿದ್ದು ತಲೆಗೆ ಹೋಗಲಿಲ್ಲ. ಪೆಟಾ, ಟೆರಾ ಅಂದಷ್ಟೂ ಅವರ ಆಸೆ ಜಾಸ್ತಿಯಾಗುತ್ತಿತ್ತು. ಒಂದು ದಿನ ಕಿರಾಣಿ ಅಂಗಡಿಯವರು, ನನ್ನ ಎದುರೇ, ಬೆಲ್ಲ ಕಟ್ಟುತ್ತಾ ಒಬ್ಬರಿಗೆ ಹೇಳಿದರು: 'ಗೊರೂರು ಡ್ಯಾಮಿನ ಗೇಟು ತೆಗೆದ್ರೆ ನಿಮ್ಮನೆ ನಲ್ಲಿ ಜೋರಾಗುತ್ತೇನ್ರಿ? ಅವರು ಮಾಡಿರೋದು ಡ್ಯಾಮಿನ ಗೇಟು. ನಿಮ್ಮ ನಲ್ಲಿ ಇವರ ಕೈಲಿದೆ.' ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ, ಡ್ಯಾಮು ಇರುವುದು ಹಾಸನದ ಗೊರೂರಿನಲ್ಲಿ. ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನಾನೂರು ಪದದಲ್ಲಿ ಹೇಳಲಾಗದ್ದು ಮೂರು ಸಾಲಿನಲ್ಲಿ ಮುಗಿಯಿತು. ಏಳರಲ್ಲಿ ನಾಲ್ವರು ಆ ತಿಂಗಳೇ ದುಡ್ಡು ಕಟ್ಟಿದರು. ಇಬ್ಬರು ಮೊಬೈಲ್ ನೆಟ್ಟೇ ಸಾಕು ಅಂದರು. ಒಬ್ಬರು ಇನ್ನೂ ಕಾಯುತ್ತಿದ್ದಾರೆ.

ಮಡಿಯ ಮನೆಗೂ ಹೋದೆವು. ಹಳೇ ತೊಟ್ಟಿ ಮನೆ, ಎರಡಡಿ ದಪ್ಪದ ಮಣ್ಣಿನ ಗೋಡೆ. ಪೆಟ್ಟಿಗೆ ಇದ್ದದ್ದು ದೇವರ ಕೋಣೆಯ ಆಚೆಯ ಮೂಲೆಯಲ್ಲಿ. ಅಂಥ ಗೋಡೆಯನ್ನು ವೈಫೈ ದಾಟುವುದು ಕಷ್ಟ, ಅದರಲ್ಲೂ ಐದು ಗಿಗಾಹರ್ಟ್ಜ್‌ನ ವೈಫೈ ಇನ್ನೂ ಸೋಮಾರಿ. ಪೆಟ್ಟಿಗೆಯನ್ನು ತೊಟ್ಟಿಯ ಅಂಚಿಗೆ ತರೋಣ ಅಂದೆವು. ದೇವರ ಕೋಣೆ ಗೋಡೆಗೆ ತೂತು ಕೊರೆಯಲು ಅಜ್ಜಿ ಒಪ್ಪಲಿಲ್ಲ. ಕೇಬಲ್ ಬಚ್ಚಲುಮನೆ ಸೂರಿನ ಮೇಲೆ ಸುತ್ತು ಹಾಕಿ ಬಂತು. ಹದಿನೆಂಟು ಮೀಟರ್ ಜಾಸ್ತಿ ಹಿಡಿಯಿತು, ಆದರೆ ಮಡಿ ಉಳಿಯಿತು.

ಎಲ್ಲ ಜೋಕೂ ಹೀಗೆ ಫಲ ಕೊಡಲಿಲ್ಲ. 'ನಮ್ಮೂರ ಫೈಬರ್ರು ಮಂಗನ ಜೋಕಾಲಿ' ಅಂತ ಗುಡ್ಡದ ಸಾಲಿನ ಒಬ್ಬರು ಹಾಕಿದ್ದರು. ನಾವು ಅರ್ಧ ದಿನ ಗುಡ್ಡ ಹತ್ತಿ ಮಂಗ ಕಚ್ಚಿದ ಜಾಗ ಹುಡುಕಿದೆವು. ಏನೂ ಇಲ್ಲ. ಕಾಲಿಗೆ ಜಿಗಣೆ ಮಾತ್ರ ಹತ್ತಿತು. ಕೊನೆಗೆ ಅವರನ್ನೇ ಕೇಳಿದರೆ, 'ಅಯ್ಯೋ, ಅದು ಸುಮ್ನೆ ಪ್ರಾಸಕ್ಕೆ' ಅಂದರು. ಪ್ರಾಸ ಎಲ್ಲಿದೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆವು: ಜೋಕಿನಲ್ಲಿ ಹೊತ್ತೋ ಜಾಗವೋ ಇದ್ದರೆ, ಅದಕ್ಕೆ ಇನ್ನಿಬ್ಬರು 'ನಮ್ಮಲ್ಲೂ' ಅಂದರೆ, ಆಗ ಹೊರಡುವುದು. ಬರೀ ಹೋಲಿಕೆ ಇದ್ದರೆ ನಕ್ಕು ಬಿಡುವುದು.

ಬಿಲ್ ಬುಕ್ಕಿನ ಹಿಂದಿನ ಆ ಮೂರು ಗೆರೆ ಈಗ ಒಂದು ಪ್ರತ್ಯೇಕ ನೋಟ್‌ಬುಕ್ ಆಗಿದೆ. ಹುಡುಗ ಅದನ್ನು ವಾರಕ್ಕೊಮ್ಮೆ ತುಂಬುತ್ತಾನೆ. ನಾನು ಸಂಜೆ ಒಂಬತ್ತಕ್ಕೆ ಲೈನ್ ಎಷ್ಟು ತುಂಬಿದೆ ಅಂತ ನೋಡುತ್ತೇನೆ. ಮೊದಲೆಲ್ಲ ಮಧ್ಯಾಹ್ನ ಮಾತ್ರ ಅಳೆಯುತ್ತಿದ್ದೆ, ಊರು ತೋಟದಲ್ಲಿರುವ ಹೊತ್ತಿನಲ್ಲಿ. ಗ್ರೂಪಿಗೆ ಬೀಗ ಹಾಕುವ ಬಟನ್ ಎಲ್ಲಿದೆ ಅಂತಾನೂ ಮರೆಯಲು ನೋಡುತ್ತಿದ್ದೇನೆ.

ಗುಡ್ಡದ ಸಾಲಿನ ಆ ತಾಯಿಯ ಮನೆಗೆ, ಲೈನು 500 ಆದ ವಾರ, ಒಂಬತ್ತೂವರೆಗೆ ನಾನೇ ಹೋಗಿ ಕೂತಿದ್ದೆ. ಮಗ ಕಾಲ್ ಮಾಡಿದ. ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಲಿಲ್ಲ. ಫೋನಿಟ್ಟ ಮೇಲೆ ಅವರು ನನಗೆ ಕಾಫಿ ಕೊಡುತ್ತಾ ಅಂದರು: 'ಬೈತಾನೇ ಇದ್ದ ಕಣಪ್ಪಾ. ಬಿಪಿ ಮಾತ್ರೆ ಬಿಟ್ಟಿದ್ದಕ್ಕೆ.'

ಆಗಸ್ಟ್

ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ರಾತ್ರಿ ದೊಡ್ಡ ಗಾಳಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಫೋನು ಗುಯ್‌ಗುಟ್ಟಿತು. ಎಸ್ಟೇಟ್ ರೈಟರು:

'ಜಪಾನ್ ಮಗುಚಿ ಬಿತ್ತು. ಹೊಳೆ ಸಾಲು, ಮೋರಿ ದಾಟಿ ನಾಲ್ಕನೇ ಸಿಲ್ವರ್, ಎಡಗಡೆ. ಕೇಬಲ್ ನೆಲದ ಮೇಲಿದೆ, ಡಬ್ಬ ಚೆನ್ನಾಗಿದೆ. ಕೆಂಪು ಲೈಟು, ನಾಲ್ಕೂ ಹತ್ತಕ್ಕೆ. ಇರುವೆ ಇಲ್ಲ, ನೋಡಿದೆ.'

ಕೆಳಗೆ ಇನ್ನಿಬ್ಬರು: 'ನಮ್ಮಲ್ಲೂ.'

ಹುಡುಗನಿಗೆ ಫೋನ್ ಮಾಡಿ, ಬೆಸೆಯುವ ಯಂತ್ರವನ್ನೂ ಗರಗಸವನ್ನೂ ಜೀಪಿಗೆ ಹಾಕಿದೆ.